ಬೆಳ್ಳಿಮೊಲ, ಹೊಗೆಹುಲಿ ಮತ್ತು ಮದುವೆಯ ಉಪ್ಪು

ಬಹಳ ಬಹಳ ಹಿಂದೆ, ಕಡಲ ದಂಡೆಯಲ್ಲಿ ರುಚಿಪುರ ಎಂಬ ರಾಜ್ಯವಿತ್ತು. ಅಲ್ಲಿಯವರಿಗೆ ಯುದ್ಧ ಅಷ್ಟಾಗಿ ಗೊತ್ತಿರಲಿಲ್ಲ, ಊಟ ಚೆನ್ನಾಗಿ ಗೊತ್ತಿತ್ತು. ರಾಜ ಕೂಡ ಸಿಂಹಾಸನಕ್ಕಿಂತ ಊಟದ ಮಣೆಯ ಮೇಲೆ ಕುಳಿತದ್ದೇ ಹೆಚ್ಚು.

ಆ ರಾಜ್ಯದಲ್ಲಿ ಮದುವೆಯ ಊಟಕ್ಕೆ ಒಂದು ಪದ್ಧತಿಯಿತ್ತು. ಮದುಮಗಳೇ ಬಂದು, ಎಲ್ಲಕ್ಕಿಂತ ಮೊದಲು, ಮದುಮಗನ ಬಾಳೆಲೆಯ ತುದಿಗೆ ಉಪ್ಪು ಬಡಿಸಬೇಕು. ಆದರೆ ಉಪ್ಪನ್ನು ಯಾರೂ ಯಾರಿಗೂ ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

ಅರಮನೆಯ ಅಡುಗೆಯಜ್ಜಿ ಸಾವಿಯಬ್ಬೆಗೆ ಚಂದಲೆ ಎಂಬ ಮೊಮ್ಮಗಳಿದ್ದಳು. ರಾಜಕುಮಾರ ಬೊಮ್ಮರಸ ಹೋಳಿಗೆಯ ಆಸೆಗೆ ಅಡುಗೆಮನೆಗೆ ಬಂದು ಬಂದು, ಕೊನೆಗೆ ಹೋಳಿಗೆಯನ್ನೂ ಮರೆತು ಚಂದಲೆಯನ್ನೇ ನೋಡುತ್ತಾ ನಿಲ್ಲತೊಡಗಿದ. ಚಂದಲೆಗೂ ಅವನೆಂದರೆ ಪ್ರಾಣ. ಎರಡೂ ಕಡೆಯ ಹಿರಿಯರು ನಕ್ಕು, ಮದುವೆ ನಿಶ್ಚಯಿಸಿದರು.

ಮದುವೆಯ ದಿನ ಬಂತು. ಓಲಗ, ನಗು, ಮಕ್ಕಳ ಕೇಕೆ! ಈ ಗದ್ದಲ ಉತ್ತರದ ಬೆಟ್ಟದವರೆಗೂ ಕೇಳಿಸಿತು. ಅಲ್ಲಿ ಜಡಕೇತು ಎಂಬ ಮಾಂತ್ರಿಕನಿದ್ದ. ಅವನು ಯಾರಿಗೂ ಏನನ್ನೂ ಕೊಟ್ಟವನಲ್ಲ, ಯಾರಿಂದಲೂ ಏನನ್ನೂ ಪಡೆದವನಲ್ಲ. ಒಂದು ಎಲೆ ಅಲುಗಿದರೂ ಅವನಿಗೆ ತಲೆನೋವು.

ಅವನು ಹಿಮದ ಕೋಲು ಹಿಡಿದು ಚಪ್ಪರಕ್ಕೆ ನುಗ್ಗಿದ. "ಎಲ್ಲವೂ ನಿಲ್ಲಲಿ!" ಎಂದು ನೆಲಕ್ಕೆ ಕುಟ್ಟಿದ.

ಎಲ್ಲವೂ ನಿಂತಿತು. ಓಲಗದವರು ಉಬ್ಬಿದ ಕೆನ್ನೆಯಲ್ಲೇ ಮಂಜುಗಡ್ಡೆಯಾದರು. ಸಾರು ಸೌಟಿನಿಂದ ಸುರಿಯುತ್ತಿದ್ದ ಹಾಗೇ ಗಡ್ಡೆ ಕಟ್ಟಿತು. ಬೊಮ್ಮರಸ "ಚಂದಲೆ, ನನಗೆ ಮೊದಲು ಒಂದು..." ಎಂದು ಬಾಯಿ ತೆರೆದವನು ಹಾಗೇ ಮಂಜಿನ ಗೊಂಬೆಯಾದ. ಉಪ್ಪಿನ ಬಟ್ಟಲು ಹಿಡಿದಿದ್ದ ಚಂದಲೆಗೆ ಮಾತ್ರ ಏನೂ ಆಗಲಿಲ್ಲ. ಮಾವಿನಮಿಡಿಯ ಜಾಡಿಯ ಉಪ್ಪುನೀರಿನಲ್ಲಿ ಮೊಣಕೈವರೆಗೆ ಮುಳುಗಿದ್ದ ಅಜ್ಜಿಗೂ ಏನೂ ಆಗಲಿಲ್ಲ.

ಚಂದಲೆ ಗಂಡನಾಗಬೇಕಾದವನ ಎಲೆ ನೋಡಿದಳು. ಅವಳು ಆಗಷ್ಟೇ ಉಪ್ಪು ಬಡಿಸಿದ್ದ ತುದಿ ಮಾತ್ರ ಒದ್ದೆಯಾಗಿತ್ತು. ಅಲ್ಲಿ ಮಂಜು ಕರಗಿತ್ತು!

ಅದನ್ನು ಜಡಕೇತುವೂ ನೋಡಿದ. ಒಂದು ಗಾಳಿ ಎಬ್ಬಿಸಿ ರಾಜ್ಯದ ಉಪ್ಪನ್ನೆಲ್ಲ ಗುಡಿಸಿ ಕಡಲಿಗೆ ಎಸೆದ. ಅಜ್ಜಿಯ ಜಾಡಿಯ ಉಪ್ಪನ್ನೂ ಬಿಡಲಿಲ್ಲ. ಆಮೇಲೆ ಕಡಲನ್ನೇ ಹೆಪ್ಪುಗಟ್ಟಿಸಿದ.

"ಮುಂದಿನ ಹುಣ್ಣಿಮೆಯ ಚಂದ್ರ ಮುಳುಗಿದರೆ ಈ ಮಂಜು ಕಲ್ಲಾಗುತ್ತದೆ ಹುಡುಗಿ. ಅಲ್ಲಿಯವರೆಗೆ ಸಪ್ಪೆ ಊಟ ಮಾಡಿಕೊಂಡು ನೋಡುತ್ತಾ ಇರು," ಎಂದು ಚಪ್ಪರದ ನಡುವೆ ಕಾಲು ಚಾಚಿ ಕುಳಿತ.

ಚಂದಲೆ ಅತ್ತಳು. ಚೆನ್ನಾಗಿಯೇ ಅತ್ತಳು. ಅಜ್ಜಿ ಅವಳ ಕಣ್ಣೊರೆಸಿ ಹೇಳಿದಳು:

"ಅಳು ಸಾಕು ಮಗಳೇ. ಉಪ್ಪು ಹುಟ್ಟಿದ್ದು ಬೆಳ್ಳಿಮೊಲ ಮತ್ತು ಹೊಗೆಹುಲಿ ಸೇರಿ ಅಂತ ನನ್ನಜ್ಜಿ ಹೇಳುತ್ತಿದ್ದಳು. ಮೊಲದ ಕೊರಳ ಹಾರದಲ್ಲಿ ಒಂದೇ ಒಂದು ಮಣಿ, ಅದು ಅದಕ್ಕೆ ಭಾರ. ಹುಲಿಯ ಹಾರದಲ್ಲಿ ಒಂದೇ ಒಂದು ಮಣಿ ಕಡಿಮೆ, ಅದು ಅದಕ್ಕೆ ಕೊರಗು. ಒಂಟಿಯಾಗಿದ್ದರೆ ಎರಡೂ ಪ್ರಾಣಕ್ಕೆ ಅಪಾಯ. ಸೇರಿದರೆ ನಮ್ಮ ಎಲೆಯ ತುದಿಯ ಉಪ್ಪು. ಮೊಲ ಗಟ್ಟಿಕೋಟೆಯಲ್ಲಿದೆಯಂತೆ, ಹುಲಿ ಹೊಗೆಕಣಿವೆಯಲ್ಲಿ; ಹೋಗಿ ಎರಡನ್ನೂ ಸೇರಿಸು."

ಹೊರಡುವಾಗ ಅಜ್ಜಿ ಒಂದು ಮಡಿಕೆ ಎಳ್ಳೆಣ್ಣೆ, ಸ್ವಲ್ಪ ಕೆಂಡ ಕೊಟ್ಟಳು. "ಉಪ್ಪಿನ ಪದ್ಧತಿ ಮಾತ್ರ ಮರೆಯಬೇಡ!" ಎಂದು ಬಾಗಿಲಿನಿಂದಲೇ ಕೂಗಿದಳು.

ಚಂದಲೆ ನಡೆದಳು, ನಡೆದಳು, ಗಟ್ಟಿಕೋಟೆಗೆ ಬಂದಳು. ಕೋಟೆಯ ತುಂಬ ಜನ ಸಾಲುಸಾಲಾಗಿ, ಭುಜಕ್ಕೆ ಭುಜ ತಾಗಿಸಿ, ತೋಳಿಗೆ ತೋಳು ಸಿಕ್ಕಿಸಿ ನಿಂತಿದ್ದರು. ನಿಂತಲ್ಲೇ ನಡುಗುತ್ತಿದ್ದರು, ಒಂದು ಹೆಜ್ಜೆ ಆಚೀಚೆ ಇಡುತ್ತಿರಲಿಲ್ಲ. ಅವರ ನಟ್ಟನಡುವೆ ಬೆಳ್ಳಿಮೊಲ ಹಾರಿ ಹಾರಿ ಒದ್ದಾಡುತ್ತಿತ್ತು.

"ಸ್ವಲ್ಪ ಸರಿಯಿರಿ ಅಣ್ಣಂದಿರಾ," ಎಂದಳು ಚಂದಲೆ.

"ಸರಿಯಲು ಜಾಗವೆಲ್ಲಿದೆ ತಂಗಿ? ಹುಟ್ಟಿದಾಗಿನಿಂದ ನಮ್ಮ ಜಾಗ ಇದೇ!"

ಚಂದಲೆ ಚಳಿಗೆ ಕೆಂಡ ಊದಿ ಬೆಂಕಿ ಮಾಡಿದಳು. ಆ ಜನರದು ಚಳಿಯ ನಡುಕವಾಗಿರಲಿಲ್ಲ; ಬೆಂಕಿಗೆ ಹತ್ತಿರವಿದ್ದವರಲ್ಲಿ ಅದು ಇನ್ನೂ ಹೆಚ್ಚಿತು. ಇನ್ನಷ್ಟು ಸೌದೆ ಹಾಕಿದಳು. ನಡುಕ ಕುಣಿತವಾಯಿತು. ಸಿಕ್ಕಿಸಿದ ತೋಳುಗಳು ಸಡಿಲವಾದವು, ಸಾಲುಗಳು ಮುರಿದವು, ಕೋಟೆಯ ಜನರೆಲ್ಲ ಒಬ್ಬರ ಪಕ್ಕ ಒಬ್ಬರು ಜಾರುತ್ತಾ ಬಾಗಿಲಿನಿಂದ ಹೊರಗೆ ಹರಿದು ಹೋದರು. "ಅಯ್ಯೋ, ಇಷ್ಟು ಸುಲಭವೇ!" ಎಂದು ಒಬ್ಬ ಮುದುಕ ನಗುತ್ತಾ ಹೋದ.

ಮೊಲ ಅವಳ ಮಡಿಲಿಗೆ ಹಾರಿತು. ಬೆಣ್ಣೆಯ ಹಾಗೆ ಮೆತ್ತಗಿತ್ತು, ಬೆರಳಿಟ್ಟಲ್ಲಿ ಗುಳಿ ಬೀಳುತ್ತಿತ್ತು. "ಅಕ್ಕಾ, ಈ ಮಣಿಯನ್ನು ಯಾರಾದರೂ ತೆಗೆದುಕೊಳ್ಳಲಿ ಅಕ್ಕಾ! ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ!"

"ತೆಗೆದುಕೊಳ್ಳುವವನ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ, ಸ್ವಲ್ಪ ಸುಮ್ಮನಿರು," ಎಂದಳು ಚಂದಲೆ.

ಮುಂದೆ ನಡೆದಳು, ನಡೆದಳು, ದೊಡ್ಡದೊಂದು ಹೊಳೆಗೆ ಬಂದಳು. ಹೊಳೆಯ ಒಂದು ಹನಿ ಹಾರಿ ಮೊಲಕ್ಕೆ ತಾಗಿದ್ದೇ ತಡ, ಭುಗ್! ಬೆಂಕಿ ಹತ್ತಿ ಬಾಲದ ತುದಿ ಹೋಯಿತು. ಚಂದಲೆ ಗಾಬರಿಯಾಗಿ ಅದನ್ನು ಎಣ್ಣೆಯ ಮಡಿಕೆಯಲ್ಲಿ ಮುಳುಗಿಸಿದಳು. ಎಣ್ಣೆಯೊಳಗೆ ಮೊಲ ಹಾಯಾಗಿ ಕಣ್ಣು ಮಿಟುಕಿಸಿತು. ನೀರಿಗೆ ಅಲ್ಲಿ ಪ್ರವೇಶವಿರಲಿಲ್ಲ.

"ಮಡಿಕೆಯಲ್ಲೇನಮ್ಮಾ?" ಎಂದು ಹೊಳೆ ಕೇಳಿತು.

"ನನ್ನ ಮದುವೆಯ ಅಡುಗೆಯ ಸಾಮಾನು ತಾಯೀ. ದಾರಿ ಬಿಡುತ್ತೀಯಾ?"

"ನನಗೊಂದು ಆಕಾರ ಕೊಡು, ದಾಟಿಸುತ್ತೇನೆ. ಇಷ್ಟು ವರ್ಷ ಹರಿದೆ, ನನ್ನದೇ ಅನ್ನುವ ಒಂದು ಆಕಾರ ಇಲ್ಲ."

ಚಂದಲೆ ತನ್ನ ತಂಬಿಗೆಯಲ್ಲಿ ನೀರು ತುಂಬಿದಳು. ನೀರು ತಂಬಿಗೆಯಾಯಿತು. ಬೊಗಸೆಯಲ್ಲಿ ಹಿಡಿದಳು, ಬೊಗಸೆಯಾಯಿತು. "ನೋಡು ತಾಯೀ, ನಿನ್ನನ್ನು ಯಾರು ಹಿಡಿಯುತ್ತಾರೋ ಅವರ ಆಕಾರವೆಲ್ಲ ನಿನ್ನದೇ. ನನಗಾದರೋ ಇದೊಂದೇ!" ಹೊಳೆ ಖುಷಿಯಿಂದ ಉಕ್ಕಿ, ಅವಳನ್ನೂ ಮಡಿಕೆಯನ್ನೂ ಎತ್ತಿ ಆಚೆ ದಡದಲ್ಲಿ ಇಳಿಸಿತು. ಹೊಳೆ ಹಿಂದೆ ಸರಿಯುವಾಗ ಅವಳ ಸೀರೆಯ ಸೆರಗು ತೋಯ್ದು ತೊಪ್ಪೆಯಾಗಿತ್ತು.

ಮತ್ತೆ ನಡೆದಳು, ನಡೆದಳು, ಹೊಗೆಕಣಿವೆಯ ಅಂಚಿಗೆ ಬಂದಳು. ಕಣಿವೆಯ ತಳದಲ್ಲಿ ಹಳದಿ ಹಸಿರು ಹೊಗೆ ಮಲಗಿತ್ತು. ಅದೇ ಹುಲಿ. ಅದಕ್ಕೆ ಗಾತ್ರವೇ ಇರಲಿಲ್ಲ. ಗುಹೆ ಸಿಕ್ಕರೆ ಗುಹೆ ತುಂಬ, ಕಣಿವೆ ಸಿಕ್ಕರೆ ಕಣಿವೆ ತುಂಬ ಹರಡಿಕೊಳ್ಳುತ್ತಿತ್ತು. ಅದರ ವಾಸನೆಗೆ ಚಂದಲೆಯ ಗಂಟಲು ಉರಿಯಿತು. ಅವಳು ಒದ್ದೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಎತ್ತರದ ಬಂಡೆ ಹತ್ತಿ ನಿಂತಳು.

"ಯಾರದು?" ಹುಲಿ ಗರ್ಜಿಸಿತು. "ನೀನೂ ಕೆಮ್ಮಿಕೊಂಡು ಓಡುತ್ತೀಯ! ಒಂದು ಮಣಿ ಕೇಳಿದೆ ಅಷ್ಟೆ. ಒಂದೇ ಒಂದು! ಯಾರೂ ಹತ್ತಿರ ಸೇರಿಸುವುದಿಲ್ಲ."

"ನಾನು ಓಡಲು ಬಂದವಳಲ್ಲ ಹುಲಿಯಪ್ಪಾ. ಮಣಿ ತಂದಿದ್ದೇನೆ."

ಅವಳು ಮೊಲವನ್ನು ಎಣ್ಣೆಯಿಂದ ಎತ್ತಿ ಒರೆಸಿದಳು. ಅದರ ಕೊರಳಿನ ಮಣಿ ಬಿಚ್ಚಿ, ಅಜ್ಜಿ ಕಲಿಸಿದ ಹಾಗೆ ಬಂಡೆಯ ಮೇಲೆ ಇಟ್ಟು, "ಎತ್ತಿಕೋ" ಎಂದಳು. ಮಣಿ ಮಿಣಮಿಣ ಎಂದು ಆರಿಹೋಗಿ ಮತ್ತೆ ಮೊಲದ ಕೊರಳಿಗೇ ಬಂದು ಕೂತಿತು. ಇನ್ನೊಮ್ಮೆ ಇಟ್ಟಳು. ಮತ್ತೆ ಹಾಗೇ ಆಯಿತು. ಎಲೆ ಹಾಸಿ, ಕೈಮುಗಿದು, ಮತ್ತೊಮ್ಮೆ ಇಟ್ಟಳು. ಮಣಿ ಕೇಳಲಿಲ್ಲ.

"ನನ್ನನ್ನು ಆಟ ಆಡಿಸುತ್ತೀಯಾ?" ಹುಲಿ ಎದ್ದಿತು. ಹೊಗೆ ಬಂಡೆಯ ಬುಡಕ್ಕೆ ಬಂತು, ಅವಳ ಪಾದಕ್ಕೆ ಬಂತು. ಆಕಾಶದಲ್ಲಿ ಹುಣ್ಣಿಮೆಗೆ ಒಂದೇ ದಿನ ಉಳಿದ ಚಂದ್ರನಿದ್ದ. ಚಂದಲೆಗೆ ಬೊಮ್ಮರಸನ ತೆರೆದ ಬಾಯಿ ನೆನಪಾಯಿತು. ಆಗ ಅವಳಿಗೆ ಹೊಳೆಯಿತು. ಕೈಯಿಂದ ಕೈಗೆ ಕೊಡಬಾರದು ಎನ್ನುವುದು ಉಪ್ಪನ್ನು. ಇದು ಇನ್ನೂ ಉಪ್ಪೇ ಆಗಿಲ್ಲವಲ್ಲ! ಕೊಡುವವನು ಮೊಲ, ಪಡೆಯುವವನು ಹುಲಿ. ನಡುವೆ ನನಗೇನು ಕೆಲಸ?

"ಮೊಲವೇ, ನೀನೇ ಕೊಡು! ನೇರ ಅವನ ಪಂಜಕ್ಕೆ!"

"ಅಕ್ಕಾ, ಅದು ಹುಲಿ!"

"ಹೌದು ಕಣೋ. ಆದರೂ ಕೊಡು."

ಮೊಲ ಕಣ್ಣು ಮುಚ್ಚಿ ಹಾರಿತು. ಪುಟ್ಟ ಪಾದದಿಂದ ದೊಡ್ಡ ಪಂಜಕ್ಕೆ ಮಣಿ ದಾಟಿತು. ಝಗ್ಗೆಂದು ಹಳದಿ ಬೆಳಕು ಹೊತ್ತಿ ಕಣಿವೆ ಹಗಲಾಯಿತು. ಕೊಟ್ಟ ಮೊಲ ಹಗುರವಾಯಿತು, ಪಡೆದ ಹುಲಿ ತುಂಬಿತು, ಇಬ್ಬರೂ ಒಬ್ಬರನ್ನೊಬ್ಬರು ಸೆಳೆದು ಬಿಗಿಯಾಗಿ ಅಪ್ಪಿಕೊಂಡರು. ಒಂದು ಮೊಲ ಸಾವಿರ ಮೊಲವಾಯಿತು, ಒಂದು ಹುಲಿ ಸಾವಿರ ಹುಲಿಯಾಯಿತು. ಮೊಲದ ಪಕ್ಕ ಹುಲಿ, ಹುಲಿಯ ಪಕ್ಕ ಮೊಲ, ಮೇಲೂ ಹಾಗೇ, ಕೆಳಗೂ ಹಾಗೇ, ಅಚ್ಚುಕಟ್ಟಾಗಿ ಕೂತುಬಿಟ್ಟವು. ಬೆಂಕಿಯೂ ಇಲ್ಲ, ವಿಷವೂ ಇಲ್ಲ. ಕಣಿವೆಯ ತುಂಬ ಬೆಳ್ಳಗೆ, ಪುಟ್ಟ ಪುಟ್ಟ ಚೌಕದ ಹರಳು ಮಿನುಗುತ್ತಿತ್ತು.

ಚಂದಲೆ ನಾಲಗೆಗೆ ಒಂದು ಹರಳು ಇಟ್ಟು ನೋಡಿದಳು. ಉಪ್ಪು! ಅವಳು ಒಬ್ಬಳೇ ಕುಣಿದಳು.

ಎಣ್ಣೆ ಚೆಲ್ಲಿ, ಮಡಿಕೆ ಒರೆಸಿ, ಉಪ್ಪು ತುಂಬಿ, ಬಾಯಿ ಕಟ್ಟಿ ಓಡಿದಳು. ಹೊಳೆ ಅವಳನ್ನು ದಾಟಿಸಿ ತನಗೂ ಒಂದು ಚಿಟಿಕೆ ಕೇಳಿತು. ಚಂದಲೆ ಬೊಗಸೆ ತುಂಬ ಕೊಟ್ಟಳು. ಹೊಳೆ ಅದನ್ನು ಕರಗಿಸಿಕೊಂಡು, ಹೆಪ್ಪುಗಟ್ಟಿದ್ದ ಕಡಲನ್ನು ಬಿಡಿಸಲು ಓಡಿತು.

ಹುಣ್ಣಿಮೆಯ ಚಂದ್ರ ಇಳಿಯುವ ಹೊತ್ತಿಗೆ ಅವಳು ಚಪ್ಪರ ಮುಟ್ಟಿದಳು. ಬೊಮ್ಮರಸನ ಕಾಲ್ಬೆರಳು ಆಗಲೇ ಕಲ್ಲಾಗತೊಡಗಿತ್ತು.

"ಬಂದೆಯಾ? ಯಾಕೆ ಇಷ್ಟು ಕಷ್ಟ?" ಜಡಕೇತು ಆಕಳಿಸಿದ. "ನನ್ನ ಹಾಗೆ ಇರು. ಕೊಡುವುದೂ ಬೇಡ, ಪಡೆಯುವುದೂ ಬೇಡ."

"ಅದಕ್ಕೇ ನಿನ್ನ ಮುಖ ಇಷ್ಟು ಸಪ್ಪೆ!" ಎಂದು ಚಂದಲೆ ಮುಷ್ಟಿ ಮುಷ್ಟಿ ಉಪ್ಪು ಎರಚಿದಳು.

ಮಂಜು ಬಿರುಕು ಬಿಟ್ಟಿತು, ತೊಟ್ಟಿಕ್ಕಿತು, ಸುರಿಯಿತು. ಓಲಗ ನಿಂತ ಸ್ವರದಿಂದಲೇ ಮುಂದುವರಿಯಿತು. ಸಾರು ಎಲೆಗೆ ಬಿತ್ತು. "...ಹೋಳಿಗೆ!" ಎಂದು ಬೊಮ್ಮರಸ ಮಾತು ಮುಗಿಸಿದ. ಜಡಕೇತುವಿನ ಕೋಲು ಅವನ ಕೈಯಲ್ಲೇ ನೀರಾಗಿ ಹೋಯಿತು. ಕೋಲಿಲ್ಲದ ಅವನು ಹಸಿದ ಮುದುಕ, ಅಷ್ಟೆ. ಅಜ್ಜಿ ಗದರಿಸುತ್ತಲೇ ಅವನನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದಳು. ಜೀವನದಲ್ಲಿ ಮೊದಲ ಸಲ ಅವನು ಇನ್ನೊಬ್ಬರಿಂದ ಪಡೆದು ಉಂಡ. ಅವನ ಕಣ್ಣಿನಿಂದ ಇಳಿದದ್ದೂ ಉಪ್ಪುನೀರೇ.

ಚಂದಲೆ ಉಪ್ಪಿನ ಬಟ್ಟಲು ಹಿಡಿದು ಗಂಡನ ಎಲೆಯ ಮುಂದೆ ಬಂದಳು. ಎಲೆಗೆ ಬಡಿಸಲಿಲ್ಲ. "ಕೈ ಹಿಡಿ," ಎಂದು ಅವನ ಅಂಗೈಗೇ ಉಪ್ಪು ಇಟ್ಟಳು.

"ಅಯ್ಯಯ್ಯೋ! ಜಗಳವಾಗುತ್ತದೆ ಕಣೇ!" ಎಂದು ಅಜ್ಜಿ ಚೀರಿದಳು.

"ಆಗಲಿ ಅಜ್ಜೀ. ಮೊಲ ಹುಲಿಗೆ ಕೈಯಾರೆ ಕೊಟ್ಟದ್ದರಿಂದಲೇ ನನಗೆ ಇವರು ಸಿಕ್ಕಿದ್ದು," ಎಂದಳು ಚಂದಲೆ.

ಅಂದಿನಿಂದ ರುಚಿಪುರದ ಮದುವೆಗಳಲ್ಲಿ ಹೆಣ್ಣು ಗಂಡಿಗೆ ಒಂದು ಸಲ ಉಪ್ಪನ್ನು ಅಂಗೈಗೇ ಕೊಡುತ್ತಾಳೆ. ಬಾಣಲೆಯಲ್ಲಿ ಉಪ್ಪು ಚಟಪಟ ಎಂದರೆ ಮಕ್ಕಳು "ಮೊಲ ಹಾರಿತು!" ಎಂದು ಚಪ್ಪಾಳೆ ತಟ್ಟುತ್ತಾರೆ. ಅಜ್ಜಿಯ ಮಾತೂ ಸುಳ್ಳಾಗಲಿಲ್ಲ. ಅದೇ ಸಂಜೆ, ಕೊನೆಯ ಹೋಳಿಗೆ ಯಾರದು ಎಂದು ಗಂಡಹೆಂಡಿರಿಗೆ ಜೋರು ಜಗಳವಾಯಿತು. ಆಮೇಲೆ ಅದನ್ನು ಮುರಿದು ಇಬ್ಬರೂ ತಿಂದರು, ಹಾಗೆಯೇ ಬಹುಕಾಲ ಸುಖವಾಗಿ ಬಾಳಿದರು.