ದಾದಿಯ ಎದೆಯ ಹೂವು

ಸುಮೇರಾಳ ಹತ್ತಿರ ಮೆಹಂದಿ ಅಚ್ಚು ಇರಲಿಲ್ಲ. ಪಕ್ಕದ ಮನೆಯ ಗುಲ್ನಾರಳ ಹತ್ತಿರ ಬೇಕಾದಷ್ಟಿದ್ದವು, ಆದರೆ ಅವಳು ಒಂದನ್ನೂ ಮುಟ್ಟಗೊಡುತ್ತಿರಲಿಲ್ಲ. ಹಾಗಾಗಿ ರಮಜಾನ್ ಹಬ್ಬದ ಹಿಂದಿನ ದಿನ ಸುಮೇರಾ ತನ್ನ ದಾದಿಯ, ಅಂದರೆ ಅಪ್ಪನ ತಾಯಿಯ, ಟ್ರಂಕಿನಲ್ಲಿದ್ದ ಒಂದು ಕರಿ ಹಾಳೆ ತೆಗೆದು, ಅದರಲ್ಲಿ ಹೂವು ಕತ್ತರಿಸಿದ್ದಳು. ಆ ಹೂವೇ ಈಗ ದಾದಿಯ ಅಂಗೈಯಲ್ಲಿ ಕೆಂಪಗೆ ಕೂತಿತ್ತು.

ಆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ದಾದಿ ಕೆಮ್ಮಿದಳು. ಇಬ್ಬರೂ ಸವಣೂರಿನ ದವಾಖಾನೆಯಲ್ಲಿದ್ದರು. ಡಾಕ್ಟರ್ ಬಾಯಿ ಎಂದು ಎಲ್ಲರೂ ಕರೆಯುವ ಲೇಡಿ ಡಾಕ್ಟರು ಆಗಷ್ಟೇ ತೆಗೆಸಿದ್ದ ಎಕ್ಸ್-ರೇಯನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದರು.

"ಜನ್ನತಬಿ, ಇಲ್ಲಿ ಮ್ಯಾಲೆ ಒಂದು ಬಿಳೇ ಮಚ್ಚಿ ಐತಿ ನೋಡ್ರಿ. ಹಿಂದ ಯಾವಾಗರ ಟಿ.ಬಿ. ಆಗಿತ್ತೇನ್ರಿ?"

"ಆಗಿತ್ರಿ ಬಾಯಾರ. ಇಕಿ ಆಗ ತೊಟ್ಟಲದಾಗ ಇದ್ಲು. ಗುಳಿಗಿ ನುಂಗಿ ನುಂಗಿ ಆರಾಮಾತ್ರಿ."

"ಆರಾಮಾದಮ್ಯಾಲೆ ತಗದ ಎಕ್ಸ್-ರೇ ಐತೇನು? ಅದ್ರಾಗೂ ಮಚ್ಚಿ ಇಷ್ಟ ಇದ್ರ, ಇದು ಹಳೇ ಗಾಯದ ಕಲೆ. ಅಂಜೂದು ಬ್ಯಾಡ. ಇಲ್ಲಾಂದ್ರ ಹೊಸಾದು ಅಂತ ತಿಳದು ಹುಬ್ಬಳ್ಳಿಗೆ ಸ್ಕ್ಯಾನಿಗೆ ಕಳಸ್ಬೇಕಾಕ್ಕೈತಿ."

"ಟ್ರಂಕಿನ್ಯಾಗ ಐತ್ರಿ! ಸುಮೇರಾ, ಓಡು, ತೊಗೊಂಬಾ."

ಸುಮೇರಾ ಓಡಲಿಲ್ಲ. ನಡೆದಳು.

ಮನೆಯಲ್ಲಿ ಅಣ್ಣ ಅಫ್ಜಲ ಆ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿ ಬಿದ್ದು ಬಿದ್ದು ನಕ್ಕ.

"ದಾದೀನ ಎಲಬು ಕತ್ತರಿಸಿ ಹೂವ ಮಾಡೀಯಲ್ಲ!"

"ಭಾಯಿ, ಏನ್ ಮಾಡ್ಲಿ?"

"ಇಲಿ ತಿಂತು ಅಂತ ಹೇಳಿಬಿಡು."

"ಇಲಿ ಐದ ಎಸಳಿನ ಹೂವ ತಿಂತೈತೇನು?"

"ನಿಮ್ಮ ಸಾಲಿ ಇಲಿ ಇರ್ಬೇಕು. ಡ್ರಾಯಿಂಗ್ ಕಲ್ತೈತಿ."

ಸುಮೇರಾಳಿಗೆ ನಗು ಬರಲಿಲ್ಲ. ಹಾಳೆ ಸಿಗಲಿಲ್ಲ ಎಂದರೆ ಯಾರೂ ಬೈಯುವುದಿಲ್ಲ. ಆದರೆ ಡಾಕ್ಟರ್ ಬಾಯಿ ಮಚ್ಚೆ ಹೊಸದೆಂದೇ ತಿಳಿಯುತ್ತಾರೆ. ದಾದಿಯೂ ಹಾಗೇ ತಿಳಿದು, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಮಲಗುತ್ತಾಳೆ. ಅವಳು ಹಾಳೆಯನ್ನು ಕಸಿದುಕೊಂಡು ದವಾಖಾನೆಗೆ ಓಡಿದಳು.

"ನಾನ ಕತ್ತರಿಸೇನ್ರಿ," ಎಂದು ಒಂದೇ ಉಸಿರಿಗೆ ಹೇಳಿ ಹಾಳೆ ಮುಂದೆ ಚಾಚಿದಳು.

ಡಾಕ್ಟರ್ ಬಾಯಿ ಅದನ್ನು ಎತ್ತಿ ಹಿಡಿದರು. ಹೂವಿನ ತೂತಿನಲ್ಲಿ ಅವರ ಮೂಗು ಕಾಣಿಸಿತು. ದಾದಿ ತೂತನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು.

"ಯಾ ಅಲ್ಲಾ! ಈ ಹೂವ ನನ್ನ ಎದ್ಯಾಗಿಂದ ಬಂದೈತೇನ?"

"ಹ್ಞೂಂ ದಾದಿ."

"ಮತ್ತ ಎಷ್ಟ್ ಛಲೋ ಬಂದೈತಿ ಅಂತ ಓಣಿಗೆಲ್ಲಾ ತೋರಿಸ್ಕೊಂಡು ಬಂದ್ನಲ್ಲ ನಾ, ಹುಚ್ಚಿ!"

ಡಾಕ್ಟರ್ ಬಾಯಿ ನಗಲಿಲ್ಲ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಸಿಕ್ಕಿಸಿ, ಮಚ್ಚೆಗಳ ಮೇಲೆ ಪಟ್ಟಿ ಇಟ್ಟು ಅಳೆದರು. ಒಮ್ಮೆ ಅಳೆದದ್ದು ಸಾಲದೆಂದು ಮತ್ತೆ ಅಳೆದರು.

"ಅಲ್ಲೇ ಐತಿ, ಅಷ್ಟ ಐತಿ. ಇಷ್ಟು ವರ್ಷದಾಗ ಒಂಚೂರೂ ಬೆಳದಿಲ್ಲ. ಹಳೇ ಕಲೇನ ಇದು. ಕಫದ ಟೆಸ್ಟ್ ಒಂದು ಮಾಡಸೂಣು, ಕೆಮ್ಮಿಗೆ ಔಷಧ ಬರ್ದು ಕೊಡ್ತೇನಿ. ಹುಬ್ಬಳ್ಳಿ ಬ್ಯಾಡ."

ಆಮೇಲೆ ಅವರೂ ನಕ್ಕರು. ದಾದಿಯಂತೂ ಕೆಮ್ಮುತ್ತಲೇ ನಕ್ಕಳು.

ಸುಮೇರಾ ಬೆಳಕಿನ ಡಬ್ಬಿಯ ಹತ್ತಿರ ಹೋದಳು. ಹೂವಿನ ಮೇಲಿನ ಎಸಳಿಗೂ ಬಿಳಿ ಮಚ್ಚೆಗೂ ನಡುವೆ ಬೆರಳಿಟ್ಟು ನೋಡಿದಳು. ಅವಳ ಕಿರುಬೆರಳು ಮಾತ್ರ ಹಿಡಿಸಿತು. ಕತ್ತರಿ ಅಲ್ಲಿಗೇ ಯಾಕೆ ನಿಂತಿತೋ ಅವಳಿಗೂ ಗೊತ್ತಿರಲಿಲ್ಲ.

ಎರಡೂ ಹಾಳೆಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ, ಮಡಚದಂತೆ ಎದೆಗೆ ಅವಚಿಕೊಂಡು ಮನೆಗೆ ತಂದಳು. ಹೊಸದರಲ್ಲಿ ದಾದಿ ಪೂರ್ತಿ ಇದ್ದಳು. ಹಳೆಯದರಲ್ಲಿ ಮೂರು ಪಕ್ಕೆಲುಬು ಕಡಿಮೆ.