ದರ್ಜಿಯಮ್ಮನ ವಾರಸುದಾರ

“ವಾರಸುದಾರರನ್ನ ಕೂಗಿ, ಬೀಗ ಹಾಕಿ ಬಂದುಬಿಡಿ ಸಾರ್. ಒಳಗೆ ತಮಾಷೆಗೂ ಅಮ್ಮಾ ಅನ್ನಬೇಡಿ. ದರ್ಜಿಯಮ್ಮ ಸಾಯೋ ಮುಂಚೆ ಹೊಸ್ತಿಲಿಗೆ ಮಾಟ ಮಾಡಿಸಿದ್ದಾಳೆ. ಅಲ್ಲಿ ಅಮ್ಮಾ ಅಂದವರು ಅವಳ ಮಕ್ಕಳಾಗಿಬಿಡ್ತಾರೆ.”

ಪಕ್ಕದ ಮನೆಯ ಮುದುಕಿ ಇಷ್ಟು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಹೊಸ ಅಧಿಕಾರಿಗೆ ನಗು ತಡೆಯಲಾಗಲಿಲ್ಲ, ನಾಲ್ಕಕ್ಷರ ಓದಿದವನಲ್ಲವೇ! ವಾರಸುದಾರರಿಲ್ಲದೆ ಸತ್ತವರ ಮನೆಯನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವುದು ಅವನ ಕೆಲಸ. ಬೀಗ ಜಡಿಯುವ ಮುನ್ನ ಬಾಗಿಲಲ್ಲಿ ನಿಂತು ವಾರಸುದಾರರನ್ನು ಕೂಗಬೇಕು, ಅದು ಕಚೇರಿಯ ಪದ್ಧತಿ. ಕೆಲಸ ಸಿಕ್ಕಾಗ ಅವನ ತಾಯಿ ಕೇರಿಗೆಲ್ಲ ಸಾರಿಕೊಂಡು ಬಂದಿದ್ದಳು. ಗಂಡ ಹೋದ ಮೇಲೆ ಆ ಹೆಂಗಸು ಈ ಒಬ್ಬ ಮಗನಿಗಾಗಿಯೇ ಜೀವ ಹಿಡಿದುಕೊಂಡಿದ್ದಳು.

ದರ್ಜಿಯಮ್ಮನ ಮನೆಯ ಬಾಗಿಲು ತಳ್ಳಿದ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಗವ್ವೆನ್ನುವ ಕತ್ತಲು. ಯಂತ್ರದ ಎಣ್ಣೆಯ ವಾಸನೆ, ಅದರೊಳಗೆ ಸುಟ್ಟ ಕೂದಲಿನ ಕಮಟು. ಗೋಡೆಯುದ್ದಕ್ಕೂ ಅಂಗಿಗಳು ನೇತಾಡುತ್ತಿದ್ದವು. ಮೊದಲಿನದು ಅಂಗೈಯಗಲ, ಕೊನೆಯದು ಆಳೆತ್ತರದವನಿಗೆ. ಹುಟ್ಟದ ಮಗನ ಅಳತೆಯನ್ನು ಊಹಿಸಿಕೊಂಡು ವರ್ಷವರ್ಷವೂ ಹೊಲಿದಿದ್ದಳು, ಪಾಪ.

“ವಾರಸುದಾರರು ಯಾರಾದ್ರೂ ಇದ್ದೀರಾ?”

ಅವನು ಹೊರಗೆ ನಿಂತಿದ್ದ ಮುದುಕಿಯ ಕಡೆ ಕಣ್ಣು ಮಿಟುಕಿಸಿ, ತಾನೇ ಉತ್ತರ ಕೊಟ್ಟ. “ನಾನಿದ್ದೀನಲ್ಲಮ್ಮಾ, ನಿನ್ನ ಮಗ!”

ಹೊಲಿಗೆ ಯಂತ್ರ ಕಟಕಟ ತಿರುಗತೊಡಗಿತು. ತುಳಿಯುವವರಿಲ್ಲ. ಬೆನ್ನ ಮೇಲೆ ತಣ್ಣನೆಯ ಅಳತೆಪಟ್ಟಿ. ಭುಜದಿಂದ ಭುಜಕ್ಕೆ. ಆಮೇಲೆ ಕತ್ತಿನ ಸುತ್ತ. ಕಿವಿಯ ಹತ್ತಿರ ಉಸಿರು.

“ಬಂದ್ಯಾ ಕಂದಾ?”

ಬಿದ್ದೆನೋ ಕೆಟ್ಟೆನೋ ಎಂದು ಓಡಿದ. ಓಣಿ. ಚೌಕ. ತನ್ನ ಮನೆ. ಬಾಗಿಲು ಬಡಿದ.

ತಾಯಿ ತೆರೆದಳು. ಅದೇ ಮುಖ. ಕಣ್ಣಲ್ಲಿ ಮಾತ್ರ ಗುರುತಿಲ್ಲ.

“ಯಾರಪ್ಪಾ ನೀನು?”

“ಅಮ್ಮಾ, ನಾನಮ್ಮಾ! ನಿನ್ನ ಮಗ!”

“ನಂಗೆ ಮಕ್ಕಳಾಗಲಿಲ್ಲಪ್ಪಾ. ಮನೆ ತಪ್ಪಿ ಬಂದಿದ್ದೀಯೇನೋ.”

ಅವಳ ಹಿಂದೆ ಗೋಡೆಯ ಮೇಲೆ ಅವನ ಪಟಗಳಿರಲಿಲ್ಲ. ಮೊಳೆಯ ಗುರುತೂ ಇರಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಚಿಕ್ಕ ಮಗುವಿನ ಹಾಗೆ ಅತ್ತ. ಅವಳು ನೀರು ತಂದು ಕುಡಿಸಿದಳು. ತಲೆ ನೇವರಿಸಲು ಕೈ ಎತ್ತಿದವಳು, ಪರರ ಮಗನೆಂದು ಹಿಂದಕ್ಕೆಳೆದುಕೊಂಡಳು.

“ಯಾಕೋ ನಿನ್ನ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ನಂಗೂ ಒಬ್ಬ ಹುಟ್ಟಿದ್ದಿದ್ರೆ ನಿನ್ನಷ್ಟೇ ಆಗಿರ್ತಿದ್ದ. ಏಳು, ಮನೆಗೆ ಹೋಗು. ನಿಮ್ಮಮ್ಮ ದಾರಿ ಕಾಯ್ತಿರ್ತಾಳೆ.”

ಬಾಗಿಲು ಹಾಕಿ ಚಿಲಕ ಏರಿಸಿಕೊಂಡಳು. ಒಳಗೆ ಅವಳು ಬಿಕ್ಕಿಬಿಕ್ಕಿ ಅಳುವುದು ಅವನಿಗೆ ಕೇಳಿಸುತ್ತಿತ್ತು.