ಬರಿದಾದ ರೋಸಾ ಎಣ್ಣೆ ಡಬ್ಬ

ಡಬ್ಬ ಬರಿದಾಗಿತ್ತು.

ಎರಡು ತಿಂಗಳಿಗೆಂದು ತುಂಬಿಟ್ಟ ಎಣ್ಣೆ ಮೂವತ್ತೆರಡನೆಯ ದಿನಕ್ಕೇ ತಳ ಕಂಡಿತ್ತು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಎಣ್ಣೆ ಇಟ್ಟ ಗುಡಿಸಲಿಗೆ ಕಿಟಕಿಯೂ ಇಲ್ಲ. ನಂಬಿಕೆ ಬಾರದೆ ಡಬ್ಬವನ್ನು ಬೋರಲು ಹಾಕಿದೆ. ಬಿದ್ದದ್ದು ನಾಲ್ಕು ಹನಿ, ಅದೂ ನನ್ನ ಹೊಸ ಧೋತರದ ಮೇಲೆ.

೧೯೫೪ರ ಕಾರ್ತಿಕದ ಮಾತು. ಚಿಂಚೋಳಿಯಿಂದ ಕುಂಚಾವರಂ ಕಾಡಿನೊಳಗೆ ರಸ್ತೆ ಹಾಕುತ್ತಿದ್ದರು. ಕೂಲಿಕಾರರ ಬಿಡಾರಕ್ಕೆ ಚಳಿಜ್ವರ ಹೊಕ್ಕಿತ್ತು. ನಾನು, ಸೇಡಂ ಕಡೆಯ ಗುರುರಾಜ, ಮಲೇರಿಯಾ ಕಚೇರಿಯ ಗುಮಾಸ್ತ. ನಮ್ಮ ಡಾಕ್ಟರ್ ಸಾಹೇಬರಿಗೆ ಒಂದೇ ಧ್ಯಾನ: ಆ ಕಾಡಿನ ತುಂಬ ಬೆಳೆಯುವ ರೋಸಾ ಹುಲ್ಲಿನ ಎಣ್ಣೆಯನ್ನು ಮೈಗೆ ಹಚ್ಚಿಕೊಂಡರೆ ಸೊಳ್ಳೆ ಕಡಿಯುವುದಿಲ್ಲ, ಕಡಿಯದಿದ್ದರೆ ಜ್ವರವೂ ಇಲ್ಲ. ಅದನ್ನು ಪರೀಕ್ಷಿಸಲು ಬಿಡಾರದ ಬಲಸಾಲಿನವರಿಗೆ ದಿನಾ ಸಂಜೆ ಎಣ್ಣೆ ಕೊಡುವುದು, ಎಡಸಾಲಿನವರಿಗೆ ಕೊಡದಿರುವುದು ಎಂದು ಗೊತ್ತಾಯಿತು. ಯಾರಿಗೆ ಜ್ವರ ಬಂತೆಂದು ಬರೆದಿಡುವುದು ನನ್ನ ಕೆಲಸ. ಪರಿಮಳಕ್ಕೆ ಸೊಳ್ಳೆ ಓಡುವುದಾದರೆ ಮದುವೆ ಮನೆಯಲ್ಲಿ ಒಂದೂ ಇರಬಾರದಿತ್ತಲ್ಲ ಎಂದು ನಾನು ಬೆನ್ನ ಹಿಂದೆ ನಕ್ಕಿದ್ದೆ.

ಡಬ್ಬ ಬರಿದಾದ ಸುದ್ದಿ ತಲುಪಿದೊಡನೆ ಡಾಕ್ಟರ್ ಸಾಹೇಬರು ಸಿಟ್ಟಿನಲ್ಲಿ ತಹಸೀಲಿಗೆ ಕಾಗದ ಬರೆದರು. ಎರಡೂ ಸಾಲಿನಲ್ಲಿ ಜ್ವರ ಒಂದೇ ಸಮ ಇದೆ, ಆದ್ದರಿಂದ ಎಣ್ಣೆ ಖೋಟಾ. ಇದ್ದ ಎಣ್ಣೆಯೂ ಕಳುವಾಗಿದೆ. ಎರಡೂ ಆ ಎಣ್ಣೆ ಇಳಿಸುವ ಬಾಬುಮಿಯಾನ ಕೆಲಸವೇ ಸರಿ. ನಾಳೆಯೇ ಅವನ ಭಟ್ಟಿಗೆ ಮೊಹರು ಹಾಕಬೇಕು.

ಬಾಬುಮಿಯಾ ಹಳ್ಳದ ದಂಡೆಯ ಭಟ್ಟಿಯ ಮುಂದೆ ಕುಳಿತಿದ್ದ. ತಾಮ್ರದ ದೊಡ್ಡ ಹಂಡೆ, ಮಣ್ಣು ಮೆತ್ತಿದ ಮುಚ್ಚಳ, ಬಿದಿರಿನ ನಳಿಗೆ. ಅವನ ಅಜ್ಜ ಹಚ್ಚಿದ ಒಲೆಯಂತೆ ಅದು. ಹುಲ್ಲು ಕೊಯ್ಯುವ ಪರವಾನಗಿ ಹೋದರೆ ಆ ಅರವತ್ತು ವರ್ಷದ ಮನುಷ್ಯನಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಮಧ್ಯಾಹ್ನ ಚಿಂಚೋಳಿಯಿಂದ ಪೊಲೀಸ್ ಅಮೀನ ಬಸವಂತರಾಯರು ಕುದುರೆಯಿಂದಿಳಿದರು. ಗಿಡ್ಡ ಆಳು, ಮೆಲ್ಲನೆಯ ಮಾತು. ಕಾಗದ ಓದಿ ಮಡಚಿದರು.

"ಖೋಟಾ ಎಣ್ಣಿ ಕದಿಯೋದ್ಯಾಕ್ರಿ ಗುರುರಾಯರ?"

ನಾನು ಅವರಿಗೆ ಬರಿದಾದ ಡಬ್ಬ ತೋರಿಸಿದೆ, ಅವರು ಒಂದೊಂದಾಗಿ ಕೇಳತೊಡಗಿದರು.

ಬೀಗದ ಕೈ ಯಾರ ಬಳಿ? ಕಾವಲುಗಾರ ಮಶಾಕನ ಬಳಿ. ಒಳಗೆ ಹೋಗುವವರು ಯಾರು? ಬೆಳಿಗ್ಗೆ ಬಾಬುಮಿಯಾ, ಮೈಗೆ ಹಚ್ಚಲೆಂದು ರೋಸಾ ಎಣ್ಣೆಗೆ ಬೆರೆಸಿದ ಕುಸುಬಿ ಎಣ್ಣೆ ಚೆನ್ನಾಗಿ ಕೂಡಿಕೊಳ್ಳಲೆಂದು ಕಲಕಿ ಹೋಗುತ್ತಾನೆ. ಸಂಜೆ ಸೂಗಮ್ಮ, ಎಣ್ಣೆ ಹಂಚುವ ಹೆಂಗಸು, ನಾಲವಾರದವಳು. ಮಶಾಕನ ಮುಂದೆಯೇ ತುಂಬಿದ ಗಡಿಗೆ ಒಯ್ಯುತ್ತಾಳೆ, ಖಾಲಿ ಗಡಿಗೆ ತರುತ್ತಾಳೆ.

ಮಶಾಕ ಮಗಳ ಮೇಲೆ ಆಣೆಯಿಟ್ಟ. ಬಾಬುಮಿಯಾ ಆಣೆಯಿಡಲಿಲ್ಲ. ದಿನಾ ಎಣ್ಣೆ ಇಳಿಯುವುದನ್ನು ನೋಡಿಲ್ಲವೇ ಎಂದು ಅಮೀನರು ಕೇಳಿದರು.

"ನೋಡೀನ್ರಿ ಸಾಬ್. ಎಷ್ಟು ಮಂದಿಗೆ ಹಚ್ತಾರ, ನಂಗೇನ್ ಗೊತ್ತು? ಹಚ್ಲಿಕತ್ತಾರ ಅಂತ ಖುಷಿಲೆ ಇದ್ದೆ."

ಸಂಜೆ ಎಡಸಾಲಿಗೆ ಹೋದೆವು. ತೆಲುಗು ಸೀಮೆಯ ನರ್ಸಮ್ಮ ಎಂಬಾಕೆ ಗುಡಿಸಲ ಮುಂದೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಾತಾಡಿದಳು. ಎಣ್ಣೆ ಕದ್ದವರು ಯಾರೋ ತನಗೆ ತಿಳಿಯದು ಎಂದಳು. ಅವಳು ಹೇಳಿದ್ದು ಅರ್ಧವೂ ನನ್ನ ಕಿವಿಗೆ ಬೀಳಲಿಲ್ಲ. ಕತ್ತು, ಕಿವಿ, ಕಾಲು ಎನ್ನದೆ ಸೊಳ್ಳೆಗಳು ಮುತ್ತಿದ್ದವು. ನಾನು ಏಳು ಹೊಡೆದೆ. ಅಮೀನರು ಬರೆಯುವುದು ಬಿಟ್ಟು ಅದೇ ಪುಸ್ತಕದಿಂದ ಮುಖ ಬೀಸಿಕೊಂಡರು. ನರ್ಸಮ್ಮ ಕೈ ಎತ್ತದೆ ಕುಳಿತಿದ್ದಳು. ಮಗು ನಿದ್ದೆ ಮಾಡುತ್ತಿತ್ತು.

ಮರುದಿನ ಬೆಳಿಗ್ಗೆ ಮೊಹರು ಹಾಕುವವರು ಬಂದು ಭಟ್ಟಿಯ ಬಳಿ ನಿಂತರು. ಅಮೀನರು ಅವರನ್ನು ತಡೆದು, ಎಲ್ಲರನ್ನೂ ಎಣ್ಣೆಯ ಗುಡಿಸಲಿಗೆ ಕರೆಸಿದರು. ಮೂಲೆಯಲ್ಲಿ ಒಂದು ಬಿದಿರು ಕೋಲು ಒರಗಿತ್ತು. ಕಲಕುವ ಕೋಲೆಂದು ನಾನು ಅದನ್ನು ಹತ್ತಾರು ಸಲ ಕಾಲಿನಿಂದ ಸರಿಸಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದರು. ಉದ್ದಕ್ಕೂ ಚಾಕುವಿನ ಗುರುತುಗಳು.

"ಇದೇನು ಬಾಬುಮಿಯಾ?"

ದಿನಾ ಎಣ್ಣೆ ನಿಂತಷ್ಟಕ್ಕೆ ಒಂದು ಗೀರು ಹಾಕುವುದು ಭಟ್ಟಿಯವರ ರೂಢಿಯಂತೆ. ಅಪ್ಪ ಹಾಕುತ್ತಿದ್ದ, ತಾನೂ ಹಾಕುತ್ತೇನೆ ಎಂದ ಅವನು.

"ನೋಡ್ರಿ ಗುರುರಾಯರ, ಕಳ್ಳ ಆದಂವ ಒಮ್ಮಿಗೇ ಒಯ್ತಾನ. ಇಲ್ಲಿ ದಿನಾ ಒಂದೇ ಸಮ ಇಳದದ. ಬಲಸಾಲಿಗೆ ಎಷ್ಟು ಬೇಕೋ ಅದರ ಎರಡರಷ್ಟು, ಒಂದು ಕೂದಲು ಹೆಚ್ಚಿಲ್ಲ, ಕಮ್ಮಿಲ್ಲ. ನಡುವ ಮೂರು ದಿನ ಮಾತ್ರ ಅರ್ಧ. ಆ ಮೂರು ದಿನ ಎಣ್ಣಿ ಹಂಚಿದವರು ಯಾರು?"

ನಾನು ದಫ್ತರು ತೆರೆದೆ. ಆ ಮೂರು ದಿನ ಸೂಗಮ್ಮ ರಜೆಯ ಮೇಲೆ ನಾಲವಾರಕ್ಕೆ ಹೋಗಿದ್ದಳು. ಹಂಚಿದವನು ಮಶಾಕ.

"ಆಕೆ ಇದ್ದ ದಿನ ಎರಡರಷ್ಟು ಹೋಗೇದ. ಎಲ್ಲಿಗೆ ಹೋತು? ಮೂಗಿಗೆ ಗೊತ್ತಾಗೂದಿಲ್ಲ, ಯಾಕಂದ್ರ ಭಟ್ಟಿ ವಾಸನಿ ಇಡೀ ಬಿಡಾರಕ್ಕ ಹಬ್ಬೇದ. ಆದ್ರ ನಿನ್ನೆ ಸಂಜಿಕಡೆ ಎಡಸಾಲಿನ್ಯಾಗ ಸೊಳ್ಳಿ ಯಾರಿಗೆ ಕಡದವು? ನಿಮಗ, ನನಗ. ನರ್ಸಮ್ಮಗ ಕಡದಿಲ್ಲ. ಆ ಕೂಸಿನ ಮ್ಯಾಲೆ ಒಂದು ಸುದ್ದಾ ಕುಂದ್ರಲಿಲ್ಲ."

ಸೂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಾಲವಾರದ ಮಠದಾಗ ಹನ್ನೆರಡು ವರ್ಷ ದಾಸೋಹದ ಪಂಕ್ತಿಗೆ ಬಡಿಸೀನ್ರಿ. ಒಂದು ಎಲಿ ಬಿಟ್ಟು ಮುಂದ ಹೋದಾಕಿ ಅಲ್ಲ. ನೀವು ಈ ಸಾಲಿಗೆ ಹಾಕು, ಆ ಸಾಲಿಗೆ ಬ್ಯಾಡ ಅಂದ್ರಿ. ಕೂಸುಗೋಳು ಎದುರಿಗೇ ಕುಂತು ನೋಡ್ತಿದ್ವು. ನನ್ನ ಕೈ ಕೇಳಲಿಲ್ರಿ."

ಡಬ್ಬ ತಳ ಕಂಡಾಗ ಕೊನೆಗೆ ಉಳಿದ ಒಂದಿಷ್ಟನ್ನು ನರ್ಸಮ್ಮನಂಥ ಕೂಸಿನ ತಾಯಂದಿರಿಗೆ ಕೊಟ್ಟಿಟ್ಟವಳೂ, ಎಡಸಾಲಿನವರ ಬಾಯಿ ಕಟ್ಟಿದವಳೂ ಅವಳೇ. ಹೇಳಿದರೆ ಎಣ್ಣೆ ನಿಂತುಹೋಗುತ್ತದೆ ಎಂದಿದ್ದಳು. ಬಾಬುಮಿಯಾನ ಮೇಲೆ ಅಪವಾದ ಬಂದಾಗಲೂ ಅದೇ ಭಯಕ್ಕೆ ಸುಮ್ಮನಿದ್ದಳು. ಈಗ ಅವನತ್ತ ತಿರುಗಿ ತಪ್ಪಾಯಿತು ಎಂದಳು.

ಎರಡೂ ಸಾಲಿನಲ್ಲಿ ಜ್ವರ ಒಂದೇ ಸಮ ಎಂದು ಬರೆದು ಕಳಿಸಿದವನು ನಾನು. ಎಷ್ಟು ಸಮ ಎಂದು ನಿಂತು ನೋಡಿರಲಿಲ್ಲ. ಪುಟ ತಿರುಗಿಸಿದೆ. ಮೊದಲ ಹದಿನೈದು ದಿನ ಎರಡೂ ಕಡೆ ಹನ್ನೊಂದು, ಹನ್ನೊಂದು; ಎಣ್ಣೆಗೆ ಮೊದಲೇ ಸೊಳ್ಳೆ ಕಡಿದವರ ಜ್ವರ ಅದು. ಆಮೇಲಿನ ಹದಿನೇಳು ದಿನ ಬಲಸಾಲಿನಲ್ಲಿ ಒಬ್ಬರೂ ಇಲ್ಲ, ಎಡಸಾಲಿನಲ್ಲಿ ಒಬ್ಬರೂ ಇಲ್ಲ. ಹಳ್ಳದಾಚೆ ಬಿದಿರು ಕಡಿಯುವವರ ಗುಡಿಸಲುಗಳಿದ್ದವು. ಅವರು ಪರೀಕ್ಷೆಗೆ ಸೇರಿದವರಲ್ಲ. ಔಷಧಿಗೆ ಬಂದವರೆಂದು ಕೊನೆಯ ಪುಟದಲ್ಲಿ ಬರೆದಿದ್ದೆ. ಅದೇ ಕಾಡು, ಅದೇ ಹಳ್ಳ. ಅದೇ ಹದಿನೇಳು ದಿನಗಳಲ್ಲಿ ಇಪ್ಪತ್ತಮೂರು ಜನ.

ಎಲ್ಲರಿಗೂ ಕೇಳುವಂತೆ ಓದಿ ಹೇಳಿದೆ. ದನ ಮೂಸಿ ಬಿಡುವ ಹುಲ್ಲು ಅದು. ಅದರ ಉಗಿ ತಣ್ಣಗಾಗಿ ಇಳಿದ ಎಣ್ಣೆ ಮೈಮೇಲೆ ಒಂದಿಷ್ಟು ಇದ್ದರೆ ಸಾಕು, ಸಾವು ತರುವ ಸೊಳ್ಳೆ ಹತ್ತಿರ ಬಾರದೆ ತಿರುಗಿ ಹೋಗುತ್ತದೆ. ಇನ್ನೂರೈವತ್ತು ಜನ ನೆಟ್ಟಗೆ ಎದ್ದು ರಸ್ತೆ ಕೆಲಸಕ್ಕೆ ಹೋಗುತ್ತಿದ್ದರು. ಈ ಅದ್ಭುತ ನನ್ನ ಕೈಯಕ್ಷರದಲ್ಲೇ ಇತ್ತು, ನಾನೇ ಕಂಡಿರಲಿಲ್ಲ.

ಅಮೀನರು ಮೊಹರಿನವರನ್ನು ವಾಪಸು ಕಳಿಸಿದರು. ಕಳುವೇ ಆಗಿಲ್ಲ ಎಂದು ಎರಡು ಸಾಲಿನಲ್ಲಿ ವರದಿ ಬರೆದು, ನನ್ನ ದಫ್ತರನ್ನೂ ಕಟ್ಟಿಕೊಂಡು, ತಾವೇ ಡಾಕ್ಟರ್ ಸಾಹೇಬರಿಗೆ ತೋರಿಸುವುದಾಗಿ ಹೇಳಿ ಕುದುರೆ ಹತ್ತಿದರು.

ಬಾಬುಮಿಯಾ ಬಿದಿರು ಕೋಲನ್ನು ಮತ್ತೆ ಮೂಲೆಗೆ ಒರಗಿಸಿದ. ಆಮೇಲೆ ಸೂಗಮ್ಮನನ್ನು ಕೇಳಿದ.

"ಹಳ್ಳದಾಚಿ ಎಷ್ಟು ಮಂದಿ ಅದಾರಕ್ಕಾ?"

"ಅರವತ್ತು."

ಅವನು ಲುಂಗಿ ಎತ್ತಿ ಕಟ್ಟಿ ಭಟ್ಟಿಯ ಒಲೆಗೆ ಕಟ್ಟಿಗೆ ಒಟ್ಟಿದ. ಮೂರನೆಯ ದಿನ ಸಂಜೆ ಗಡಿಗೆ ಹೊತ್ತು ಹಳ್ಳ ದಾಟಿದವನು ನಾನು. ಅರವತ್ತು ಜನ ಕಲ್ಲುಗಳ ಮೇಲೆ ಸಾಲಾಗಿ ಕುಳಿತರು. ಯಾರು ಯಾವ ಸಾಲು ಎಂದು ಯಾರೂ ಕೇಳಲಿಲ್ಲ. ಸೂಗಮ್ಮ ಚಮಚ ಹಿಡಿದು ಒಂದು ತುದಿಯಿಂದ ಶುರುಮಾಡಿದಳು.